ಹೋಂವರ್ಕ್ ತಪ್ಪುವ ಮೂರು ಜಾಗ

ಸಂಜೆ ಏಳೂವರೆ ಹೊತ್ತಿಗೆ ಯಾವ ಬಡಾವಣೆಯ ಬೀದಿಯಲ್ಲಿ ನಡೆದರೂ ಕಿಟಕಿಗಳಿಂದ ಕೇಳಿಬರುವ ಮಾತು ಹೆಚ್ಚುಕಮ್ಮಿ ಒಂದೇ. “ಬ್ಯಾಗ್ ತೆಗಿ ಅಂತ ಎಷ್ಟು ಸಲ ಹೇಳ್ಬೇಕು?” “ಡೈರಿ ಎಲ್ಲಿ?” “ಮಿಸ್ ಏನೂ ಕೊಟ್ಟಿಲ್ಲಮ್ಮಾ.” ಒಳಗೆ ಕುಕ್ಕರ್ ಕೂಗುತ್ತಿರುತ್ತದೆ, ನಡುಮನೆಯಲ್ಲಿ ಧಾರಾವಾಹಿ ಶುರುವಾಗಿರುತ್ತದೆ, ಮಗು ಪೆನ್ಸಿಲ್ ಹುಡುಕುವ ನೆಪದಲ್ಲಿ ಮಂಚದ ಕೆಳಗೆ ಸೇರಿರುತ್ತದೆ. ಬರೆಯುವುದಕ್ಕೆ ಬೇಕಾದದ್ದು ಇಪ್ಪತ್ತೈದು ನಿಮಿಷ. ಅದಕ್ಕೆ ಮುಂಚಿನ ಎಳೆದಾಟ ಒಂದೂಕಾಲು ಗಂಟೆ.

ಹೋಂವರ್ಕ್ ಆಗದ ದಿನಗಳನ್ನು ಒಂದು ತಿಂಗಳು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಪಕ್ಕದಲ್ಲಿ ಕಾರಣ ಬರೆಯುತ್ತಾ ಹೋಗಿ. “ಲೆಕ್ಕ ಬರಲಿಲ್ಲ” ಎಂಬ ಕಾರಣ ಅಲ್ಲೊಂದು ಇಲ್ಲೊಂದು ಸಿಗುತ್ತದೆ. ಉಳಿದವೆಲ್ಲ ಬೇರೆ ಜಾತಿಯವು. ಏನು ಕೊಟ್ಟರು ಎಂದು ಬರೆದುಕೊಂಡಿರಲಿಲ್ಲ. ಪುಸ್ತಕ ಶಾಲೆಯ ಡೆಸ್ಕಿನೊಳಗೇ ಉಳಿಯಿತು. ಕೂರುವ ಹೊತ್ತಿಗೆ ಕಣ್ಣು ಎಳೆಯುತ್ತಿತ್ತು. ಬರೆದೇನೋ ಆಗಿತ್ತು, ಆದರೆ ನೋಟ್‌ಬುಕ್ ದಿವಾನದ ಮೇಲೆ ಬಿಟ್ಟುಹೋಯಿತು. ಹಲಗೆ ಎಷ್ಟೇ ಗಟ್ಟಿಯಿರಲಿ, ಕೀಲು ಸಡಿಲವಾದರೆ ಬಾಗಿಲು ಜಗ್ಗುತ್ತದೆ. ಹೋಂವರ್ಕಿಗೂ ಮೂರು ಕೀಲುಗಳಿವೆ: ಶಾಲೆಯಿಂದ ಮನೆಗೆ ಬರುವಾಗ ಒಂದು, ಕೂತು ಶುರುಮಾಡುವಾಗ ಒಂದು, ಮನೆಯಿಂದ ಮತ್ತೆ ಶಾಲೆಗೆ ಹೋಗುವಾಗ ಒಂದು. ನಾವು ಬೈಯುವುದೆಲ್ಲ ಹಲಗೆಯನ್ನು.

ಮೊದಲು ಎಷ್ಟು ಹೊತ್ತಿನ ಕೆಲಸ ಇದು ಎಂಬುದು ತಿಳಿದಿರಲಿ. ಕೇಂದ್ರ ಸರ್ಕಾರದ ಶಾಲಾ ಬ್ಯಾಗ್ ನೀತಿ 2020ರ ಪ್ರಕಾರ ಎರಡನೇ ತರಗತಿಯವರೆಗೆ ಹೋಂವರ್ಕೇ ಇಲ್ಲ. ಮೂರರಿಂದ ಐದನೇ ತರಗತಿಗೆ ವಾರಕ್ಕೆ ಹೆಚ್ಚೆಂದರೆ 2 ಗಂಟೆ. ಆರರಿಂದ ಎಂಟಕ್ಕೆ ದಿನಕ್ಕೆ 1 ಗಂಟೆ. ಹೈಸ್ಕೂಲಿಗೆ ದಿನಕ್ಕೆ 2 ಗಂಟೆ. ವಾರಕ್ಕೆ 2 ಗಂಟೆ ಎಂದರೆ ಐದು ದಿನಕ್ಕೆ ಹಂಚಿದಾಗ ದಿನಕ್ಕೆ 24 ನಿಮಿಷ. ನಾಲ್ಕನೇ ಕ್ಲಾಸಿನ ಮಗು ದಿನಾ ಎರಡು ಗಂಟೆ ಬರೆಯುತ್ತಾ ಕೂತಿದೆ ಎಂದರೆ ತಪ್ಪು ಮಗುವಿನದಲ್ಲ. ಒಂದೋ ಶಾಲೆ ಮಿತಿಮೀರಿ ಕೊಡುತ್ತಿದೆ, ಇಲ್ಲವೇ ಆ ಎರಡು ಗಂಟೆಯಲ್ಲಿ ಬರವಣಿಗೆ ನಡೆಯುತ್ತಿರುವುದು ಅರ್ಧ ಗಂಟೆ ಮಾತ್ರ. ಯಾವುದು ಎಂದು ತಿಳಿಯಲು ಒಂದು ವಾರ ಡೈರಿಯ ಅಂಚಿನಲ್ಲಿ ಶುರುವಾದ ಮತ್ತು ಮುಗಿದ ಸಮಯ ಗುರುತು ಹಾಕಿದರೆ ಸಾಕು. ಪೋಷಕರ ಸಭೆಯಲ್ಲಿ “ತುಂಬಾ ಹೋಂವರ್ಕ್ ಕೊಡ್ತೀರಿ” ಎಂದರೆ ಶಾಲೆಯವರು ನಕ್ಕು ಸುಮ್ಮನಾಗುತ್ತಾರೆ. “ಸೋಮವಾರ 95 ನಿಮಿಷ, ಮಂಗಳವಾರ 110, ಬುಧವಾರ 80, ಬೇಕಾದ್ರೆ ನೋಡಿ” ಎಂದು ಡೈರಿ ತೆರೆದಿಟ್ಟರೆ ಮಾತು ಬೇರೆ ದಾರಿ ಹಿಡಿಯುತ್ತದೆ.

ಹೋಂವರ್ಕಿನಿಂದ ಅಂಕ ಏರುತ್ತದೆಯೇ ಎಂಬುದರ ಬಗ್ಗೆಯೂ ಅತಿಯಾಸೆ ಬೇಡ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಹೋಂವರ್ಕಿಗೂ ಕಲಿಕೆಗೂ ಇರುವ ನಂಟು ಏಳನೇ ತರಗತಿಯಿಂದ ಮೇಲೆ ಹೆಚ್ಚು, ಪ್ರಾಥಮಿಕ ಹಂತದಲ್ಲಿ ಕಮ್ಮಿ ಎಂದು ಕಂಡುಬಂತು. ಹಾಗಾದರೆ ಚಿಕ್ಕ ತರಗತಿಯಲ್ಲಿ ಇದೆಲ್ಲ ಯಾತಕ್ಕೆ? ಹೇಳಿದ ಕೆಲಸವನ್ನು ನೆನಪಿಟ್ಟು, ಹೊತ್ತಿಗೆ ಸರಿಯಾಗಿ ಕೂತು, ಮುಗಿಸಿ, ಜೋಪಾನವಾಗಿ ಒಯ್ದು ಒಪ್ಪಿಸುವುದನ್ನು ಕಲಿಯುವುದಕ್ಕೆ. ನಾಲ್ಕನೇ ಕ್ಲಾಸಿನಲ್ಲಿ 24 ನಿಮಿಷದ ಕೆಲಸದ ಮೇಲೆ ಇದನ್ನು ಕಲಿಯುವುದು ಸುಲಭ. ಒಂಬತ್ತನೇ ಕ್ಲಾಸಿನಲ್ಲಿ, ಆರು ವಿಷಯ ತಲೆಯ ಮೇಲಿರುವಾಗ, ಹೊಸದಾಗಿ ಕಲಿಯುವುದು ಹಿಂಸೆ.

ಈಗ ಮೊದಲನೇ ಕೀಲು, ಡೈರಿ. ಬಹುಪಾಲು ಮಕ್ಕಳ ಡೈರಿಯಲ್ಲಿ ಇರುವುದು ಹೀಗೆ: “ಗಣಿತ – ಅಭ್ಯಾಸ.” ಇದು ಬರೆದದ್ದಲ್ಲ, ಬರೆದಂತೆ ಮಾಡಿದ್ದು. ಮನೆಗೆ ಬಂದಾಗ ಯಾವ ಅಭ್ಯಾಸ, ಎಷ್ಟನೇ ಲೆಕ್ಕ, ಯಾವಾಗ ಕೊಡಬೇಕು ಒಂದೂ ಗೊತ್ತಿರುವುದಿಲ್ಲ. ಅಲ್ಲಿಂದ ಅಮ್ಮನ ಫೋನು, ವಾಟ್ಸಾಪ್ ಗುಂಪು, “ಇವತ್ತಿನ ಮ್ಯಾಥ್ಸ್ ಹೋಂವರ್ಕ್ ಯಾರಾದ್ರೂ ಕಳಿಸಿ ಪ್ಲೀಸ್” ಎಂಬ ಅರ್ಜಿ. ಒಂದು ಸಾಲಿನಲ್ಲಿ ನಾಲ್ಕು ವಿವರ ಇರಬೇಕು: ವಿಷಯ, ಪುಟ, ಎಲ್ಲಿಂದ ಎಲ್ಲಿಗೆ, ಯಾವತ್ತಿಗೆ. “ಗ – ಪು. 47 – ಲೆಕ್ಕ 3–8 – ಬುಧ.” ಬರೆಯಲು ಅರ್ಧ ನಿಮಿಷ ಸಾಕು. ವಿಷಯದ ಹೆಸರು ಪೂರ್ತಿ ಬೇಡ. ಕ, ಇಂ, ಗ, ವಿ, ಸ ಎಂಬ ಒಂದಕ್ಷರದ ಗುರುತನ್ನು ಮಗುವೇ ಇಟ್ಟುಕೊಳ್ಳಲಿ.

ಇದಕ್ಕಿಂತ ಮುಖ್ಯವಾದದ್ದು, ಏನೂ ಕೊಡದ ವಿಷಯದ ಮುಂದೆ “ಇಲ್ಲ” ಎಂದು ಬರೆಯುವುದು. ಖಾಲಿ ಜಾಗಕ್ಕೆ ಎರಡು ಅರ್ಥ: ಕೊಟ್ಟಿಲ್ಲ, ಅಥವಾ ಬರೆದುಕೊಂಡಿಲ್ಲ. ಸಂಜೆ ಅದನ್ನು ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ, ಜಗಳ ಹುಟ್ಟುವುದು ಅಲ್ಲಿಂದ. “ಇಲ್ಲ” ಎಂಬ ಎರಡಕ್ಷರ ಬರೆಯಬೇಕಾದರೆ ಮಗು ಒಂದು ಕ್ಷಣ ನಿಂತು, ನಿಜವಾಗಿಯೂ ಇಲ್ಲವೇ ಎಂದು ನೆನಪಿಸಿಕೊಳ್ಳಲೇಬೇಕು. “ಮಿಸ್ ಏನೂ ಕೊಟ್ಟಿಲ್ಲಮ್ಮಾ” ಎಂಬ ಮಾತಿಗೆ ಈ ಒಂದು ಪದ್ಧತಿ ಹಾಕುವ ಕಡಿವಾಣವನ್ನು ಹತ್ತು ಬೈಗುಳ ಹಾಕಲಾರದು.

ಡೈರಿ ಬರೆಯುವ ಸಮಯವೂ ಲೆಕ್ಕಕ್ಕೆ ಬರುತ್ತದೆ. ಕೊನೆಯ ಬೆಲ್ ಹೊಡೆದ ಮೇಲೆ ಬರೆದರಾಯಿತು ಎಂದರೆ ಆಗುವುದಿಲ್ಲ. ಆಗ ಮನಸ್ಸು ಬಸ್ಸಿನ ಕಿಟಕಿ ಸೀಟಿನ ಮೇಲಿರುತ್ತದೆ. ಆಯಾ ಪೀರಿಯಡ್ಡಿನಲ್ಲಿ, ಟೀಚರ್ ಹೇಳಿದ ಕೂಡಲೇ ಬರೆಯಬೇಕು. ಅದಕ್ಕೆ ಡೈರಿ ಬ್ಯಾಗಿನ ತಳದಲ್ಲಿದ್ದರೆ ಆಗದು, ಹೊರಗಿನ ಜಿಪ್ಪಿನಲ್ಲಿ ಒಂಟಿಯಾಗಿ ಇರಬೇಕು. ಮುಗಿದ ಪುಟಗಳ ಕೆಳಗಿನ ಮೂಲೆಯನ್ನು ಕತ್ತರಿಸುತ್ತಾ ಹೋದರೆ ಹೆಬ್ಬೆರಳು ಇಟ್ಟ ಕೂಡಲೇ ಇವತ್ತಿನ ಪುಟ ತೆರೆಯುತ್ತದೆ. ಇದು ಹಳೆಯ ಗುಮಾಸ್ತರ ಉಪಾಯದಂತೆ ಕಾಣುತ್ತದೆ, ಆದರೆ ಪುಟ ಹುಡುಕುವ ಆ ಹತ್ತು ಸೆಕೆಂಡಿನಲ್ಲೇ ಅನೇಕ ಮಕ್ಕಳು “ಆಮೇಲೆ ಬರೀತೀನಿ” ಎಂದು ಬಿಟ್ಟುಬಿಡುತ್ತಾರೆ.

ವಾಟ್ಸಾಪ್ ಗುಂಪಿನ ಬಗ್ಗೆ ಒಂದು ಮಾತು. ದಿನಾ ಸಂಜೆ ಹೋಂವರ್ಕ್ ಪಟ್ಟಿ ಫೋನಿಗೇ ಬರುವುದಾದರೆ ಮಗು ಕಿವಿಗೊಟ್ಟು ಬರೆದುಕೊಳ್ಳುವ ಅಗತ್ಯವೇ ಉಳಿಯುವುದಿಲ್ಲ. ಜವಾಬ್ದಾರಿ ಸದ್ದಿಲ್ಲದೆ ಅಮ್ಮನ ಕಡೆಗೆ ವರ್ಗವಾಗುತ್ತದೆ. ಗುಂಪನ್ನು ನೋಡುವುದು ಮಗು ಶಾಲೆಗೆ ಹೋಗದ ದಿನ ಮಾತ್ರ ಎಂದಿಟ್ಟುಕೊಳ್ಳುವುದು ಒಳ್ಳೆಯದು. ಪ್ರಶ್ನೆಗಳು ಫೋನಿನಲ್ಲೇ ಬಂದಿದ್ದರೆ ಅವನ್ನು ಕಾಗದಕ್ಕೆ ಇಳಿಸಿ, ಫೋನನ್ನು ಬೇರೆ ಕೋಣೆಯಲ್ಲಿಡಬೇಕು. ಫೋನ್ ನೋಡಿಕೊಂಡು ಬರೆಯುವ ಮಗು ಮೂರನೇ ಪ್ರಶ್ನೆಯ ಹೊತ್ತಿಗೆ ಕಾರ್ಟೂನಿನಲ್ಲಿರುತ್ತದೆ.

ಎರಡನೇ ಕೀಲು, ಶುರುವಾಗುವುದು. ಹೆಚ್ಚು ಹೇಳಬೇಕಾದದ್ದು ಇದರ ಬಗ್ಗೆಯೇ.

ನಾಲ್ಕೂವರೆಗೆ ಬಸ್ಸಿಳಿದು ಬರುವ ಮಗುವನ್ನು ಐದಕ್ಕೆ ಪುಸ್ತಕದ ಮುಂದೆ ಕೂರಿಸುವುದು ತಪ್ಪು. ಏಳು ಗಂಟೆ ಬೆಂಚಿನ ಮೇಲೆ ಕೂತು ಬಂದ ದೇಹ ಅದು. ಕೈಕಾಲು ತೊಳೆದು, ಬಟ್ಟೆ ಬದಲಿಸಿ, ಹೊಟ್ಟೆಗೆ ಏನಾದರೂ ಬೀಳಬೇಕು. ಒಗ್ಗರಣೆ ಹಾಕಿದ ಮಂಡಕ್ಕಿ, ಅವಲಕ್ಕಿ, ಬಾಳೆಹಣ್ಣು, ಬೆಲ್ಲ ಹಾಕಿದ ಹುರಿಗಡಲೆ, ಒಂದು ಲೋಟ ಹಾಲು. ಬಿಸ್ಕತ್ತಿನ ಪೊಟ್ಟಣ ಕೊಟ್ಟರೆ ಆರೂವರೆಗೆ ಮತ್ತೆ ಹಸಿವು, ಸರಿಯಾಗಿ ಕೂರುವ ಹೊತ್ತಿಗೆ. ಆಮೇಲೆ ಆಟ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂಥ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೋಂವರ್ಕ್ ಮುಗಿಸಿದರೆ ಆಟಕ್ಕೆ ಬಿಡುತ್ತೇನೆ ಎಂಬ ಷರತ್ತು ಕೇಳಲು ಚೆನ್ನ. ನಡೆಯುವುದು ಮಾತ್ರ, ಮಗು ಗೀಚಿ ಎಸೆದು ಓಡುವುದು, ಇಲ್ಲವೇ ಕತ್ತಲಾಗುವವರೆಗೂ ಒದ್ದಾಡಿ ಎರಡೂ ತಪ್ಪಿಸಿಕೊಳ್ಳುವುದು.

ಆಟದಿಂದ ವಾಪಸ್ ಬರುವ ಹೊತ್ತಿಗೆ ನಮ್ಮಲ್ಲಿ ಒಂದು ಹಳೆಯ ಗಡಿ ಇದೆ: ದೀಪ ಹಚ್ಚುವ ಹೊತ್ತು. ದೇವರ ಮುಂದೆ ದೀಪ ಹಚ್ಚಿದ ಮೇಲೆ ಮಕ್ಕಳು ಕೂತು ಬಾಯಿಪಾಠ ಹೇಳುವುದು, ಮಗ್ಗಿ, ವಾರ, ತಿಂಗಳು, ನಕ್ಷತ್ರ, ಸಂವತ್ಸರಗಳ ಹೆಸರು ಒಪ್ಪಿಸುವುದು ಹಿಂದೆ ಎಷ್ಟೋ ಮನೆಗಳ ರೂಢಿಯಾಗಿತ್ತು. ಅದರಲ್ಲಿದ್ದ ಜಾಣತನವೆಂದರೆ ಯಾರೂ “ಈಗ ಓದು” ಎಂದು ಹೇಳಬೇಕಾಗಿರಲಿಲ್ಲ, ದೀಪವೇ ಹೇಳುತ್ತಿತ್ತು. ಗಡಿಯಾರದ ಆರೂಕಾಲು ಮಗುವಿಗೆ ಕಾಣುವುದಿಲ್ಲ, ಒಂದು ಕೆಲಸದ ಬೆನ್ನಿಗೆ ಇನ್ನೊಂದು ಕೆಲಸ ಕಾಣುತ್ತದೆ. ಪೀಟರ್ ಗೋಲ್‌ವಿಟ್ಸರ್ ಎಂಬ ಮನಶ್ಶಾಸ್ತ್ರಜ್ಞ 1999ರ ತನ್ನ ಪ್ರಬಂಧದಲ್ಲಿ ಬರೆದದ್ದೂ ಇದನ್ನೇ: “ದಿನಾ ಓದುತ್ತೇನೆ” ಎನ್ನುವ ಸಂಕಲ್ಪಕ್ಕಿಂತ “ಇದಾದ ಕೂಡಲೇ ಅದನ್ನು ಮಾಡುತ್ತೇನೆ” ಎನ್ನುವ ಸಂಕಲ್ಪ ಕೈಗೂಡುವ ಸಂಭವ ಹೆಚ್ಚು. ದೀಪವಾಗದಿದ್ದರೆ ಬೇರೆ ಏನಾದರೂ ಆದೀತು. ಆಟದಿಂದ ಬಂದು ಮುಖ ತೊಳೆದು ಟವೆಲ್ ತಂತಿಗೆ ಹಾಕಿದ ಕೂಡಲೇ ಚಾಪೆ ಹಾಸುವುದು. ತಂಗಿ ಟ್ಯೂಷನ್ನಿಂದ ಬಂದ ಕೂಡಲೇ ಬ್ಯಾಗ್ ತರುವುದು. ಆ ಮುಂಚಿನ ಕೆಲಸ ದಿನವೂ ತಪ್ಪದೆ ನಡೆಯುವಂಥದ್ದಾಗಿರಬೇಕು, ಅಷ್ಟೇ. “ಅಪ್ಪ ಬಂದ ಮೇಲೆ” ಎಂದು ಇಟ್ಟರೆ ಕೆಟ್ಟಿತು. ಅಪ್ಪ ಒಂದು ದಿನ ಏಳಕ್ಕೆ, ಒಂದು ದಿನ ಒಂಬತ್ತಕ್ಕೆ.

ಕೂರುವ ಜಾಗ ದೊಡ್ಡದಿರಬೇಕಾಗಿಲ್ಲ, ಬದಲಾಗಬಾರದು. ಸ್ಟಡಿ ಟೇಬಲ್ ಕೊಂಡುತಂದು ಅದರ ಮೇಲೆ ಇಸ್ತ್ರಿ ಬಟ್ಟೆ ಪೇರಿಸಿಟ್ಟ ಮನೆಗಳೇ ಹೆಚ್ಚು. ಒಂದು ಚಾಪೆ, ಒಂದು ಗಿಡ್ಡ ಮಣೆ ಅಥವಾ ಡೆಸ್ಕು, ಬೆನ್ನಿಗೆ ಗೋಡೆ, ಇಷ್ಟಾದರೆ ಸಾಕು. ಟೇಬಲ್ ಇದ್ದರೆ ಮೊಣಕೈ ಎತ್ತರಕ್ಕೆ ಸರಿಯಾಗಿ ಅದರ ಮಟ್ಟ ಬರಬೇಕು, ಪಾದ ನೆಲಕ್ಕೆ ತಾಗಬೇಕು. ತಾಗದಿದ್ದರೆ ಕಾಲ್ಮಣೆ ಇಡಿ. ಕಾಲು ತೂಗಾಡುತ್ತಿದ್ದರೆ ಮಗು ಹತ್ತು ನಿಮಿಷಕ್ಕೆ ಏಳುತ್ತದೆ. ಬಲಗೈಯಲ್ಲಿ ಬರೆಯುವವರಿಗೆ ಬೆಳಕು ಎಡದಿಂದ, ಎಡಗೈಯವರಿಗೆ ಬಲದಿಂದ ಬರಬೇಕು, ಇಲ್ಲದಿದ್ದರೆ ಕೈಯ ನೆರಳು ಅಕ್ಷರದ ಮೇಲೆಯೇ ಬೀಳುತ್ತದೆ. ಹಾಸಿಗೆಯ ಮೇಲೆ ಬೇಡ. ಟಿವಿ ಕಾಣದ ಕಡೆ ಮುಖ ಮಾಡಿ ಕೂತರೂ ಕಿವಿ ಟಿವಿಯ ಕಡೆಗೇ ಇರುತ್ತದೆ. ಒಂದೇ ಕೋಣೆಯ ಮನೆಯಾದರೆ ಅಜ್ಜಿಯೊಂದಿಗೆ ಒಪ್ಪಂದ ಬೇಕು, ಆರೂಕಾಲರಿಂದ ಏಳರವರೆಗೆ ಟಿವಿ ಬಂದ್. ಅಜ್ಜಿಯ ಧಾರಾವಾಹಿ ಏಳಕ್ಕೆ ಶುರುವಾಗುವುದಾದರೆ ಅದೇ ಮುಗಿಸುವ ಗಡುವೂ ಆಗುತ್ತದೆ.

ಆ ಜಾಗದಲ್ಲಿ ಒಂದು ಚಪ್ಪಲಿ ಡಬ್ಬ. ಅದರೊಳಗೆ ಚೂಪು ಮಾಡಿದ ಎರಡು ಪೆನ್ಸಿಲ್, ಮೆಂಡರ್, ರಬ್ಬರ್, 15 ಸೆಂ.ಮೀ. ಸ್ಕೇಲ್, ಎರಡು ನೀಲಿ ಪೆನ್ನು, ಗಮ್ಮು, ಕತ್ತರಿ, ಬಣ್ಣದ ಪೆನ್ಸಿಲ್, ಒಂದು ರಫ್ ಬುಕ್. ಇವೆಲ್ಲ ಶಾಲೆಯ ಕಂಪಾಸ್ ಬಾಕ್ಸಿನವಲ್ಲ, ಮನೆಯಲ್ಲೇ ಇರುವ ಎರಡನೇ ಜೊತೆ. ಮೆಂಡರ್ ತರಲು ಎದ್ದ ಮಗು ಅಡುಗೆಮನೆಗೆ ಹೋಗುತ್ತದೆ, ಅಲ್ಲಿ ಈರುಳ್ಳಿ ಹೆಚ್ಚುವುದನ್ನು ನೋಡುತ್ತದೆ, ನೀರು ಕುಡಿಯುತ್ತದೆ, ಬೆಕ್ಕನ್ನು ಮಾತಾಡಿಸುತ್ತದೆ. ಒಂದು ಸಲ ಎದ್ದರೆ ಎಂಟು ನಿಮಿಷ ಹೋಯಿತು. ಡಬ್ಬಕ್ಕೆ ಒಂದಿಷ್ಟು ಹೆಚ್ಚುವರಿ ಸಾಮಾನು ತುಂಬಿದರೆ ಆ ಎಂಟು ನಿಮಿಷಗಳು ಉಳಿಯುತ್ತವೆ. ಭಾನುವಾರ ಸಂಜೆ ಡಬ್ಬ ತಪಾಸಣೆ ಮಗುವಿನದೇ ಕೆಲಸ.

ಕೂತ ಮೇಲೆ ಮೊದಲು ಯಾವುದು? “ಕಷ್ಟದ್ದು ಮೊದಲು ಮುಗಿಸಿಬಿಡು” ಎಂಬುದು ದೊಡ್ಡವರ ಸಲಹೆ. ಕೂರುವುದೇ ಕಷ್ಟವಾಗಿರುವ ಮಗುವಿಗೆ ಅದು ಬಾಗಿಲಲ್ಲೇ ಬಂಡೆ ಇಟ್ಟಂತೆ. ಐದು ನಿಮಿಷದಲ್ಲಿ ಮುಗಿಯುವ ಒಂದು ಸುಲಭದ ಕೆಲಸ ಮೊದಲು ಇರಲಿ: ಕಾಪಿ ರೈಟಿಂಗಿನ ನಾಲ್ಕು ಸಾಲು, ಒಂದು ಚಿತ್ರಕ್ಕೆ ಹೆಸರು ಬರೆಯುವುದು. ಅದಕ್ಕೆ ಡೈರಿಯಲ್ಲಿ ಟಿಕ್ ಬೀಳಲಿ. ಎರಡನೆಯದು ಕಷ್ಟದ್ದು, ಸಾಮಾನ್ಯವಾಗಿ ಗಣಿತ. ಬೋರ್ಡಿನಿಂದಲೋ ಪುಸ್ತಕದಿಂದಲೋ ನೋಡಿ ಬರೆಯುವ ಪ್ರಶ್ನೋತ್ತರ ಕೊನೆಗೆ, ಏಕೆಂದರೆ ಅದು ದಣಿದ ತಲೆಯಿಂದಲೂ ಆಗುವ ಕೆಲಸ. ಮೂರು–ನಾಲ್ಕನೇ ತರಗತಿಯವರು ಹದಿನೈದು ನಿಮಿಷ ಕೂತರೆ ದೊಡ್ಡದು. ಆರನೇ ತರಗತಿಯಿಂದ ಇಪ್ಪತ್ತೈದು ನಿಮಿಷ, ನಡುವೆ ಐದು ನಿಮಿಷ ಬಿಡುವು. ಬಿಡುವಿನಲ್ಲಿ ನೀರು ಕುಡಿಯಬಹುದು, ಬಾಲ್ಕನಿಗೆ ಹೋಗಿ ಬರಬಹುದು, ನಾಯಿಗೆ ಅನ್ನ ಹಾಕಬಹುದು. ಫೋನೂ ಟಿವಿಯೂ ಬಿಡುವಿನ ಲೆಕ್ಕಕ್ಕೆ ಬರುವುದಿಲ್ಲ, ಅವಕ್ಕೆ ತಾವಾಗಿ ಮುಗಿಯುವ ಗುಣವಿಲ್ಲ.

ಗಣಿತದಲ್ಲಿ ಸಿಕ್ಕಿಹಾಕಿಕೊಂಡಾಗ ದೊಡ್ಡವರು ಕೆಡಿಸುವುದು ಹೇಗೆಂದು ಸ್ವಲ್ಪ ಹತ್ತಿರದಿಂದ ನೋಡೋಣ. ಲೆಕ್ಕ ಹೀಗಿದೆ: ಒಂದು ಡಜನ್ ಬಾಳೆಹಣ್ಣಿಗೆ 60 ರೂಪಾಯಿಯಾದರೆ 7 ಹಣ್ಣಿಗೆ ಎಷ್ಟು? ಹುಡುಗಿ 60ನ್ನು 7ರಿಂದ ಗುಣಿಸಿ 420 ಎಂದು ಬರೆದಿದ್ದಾಳೆ. “ಅಯ್ಯೋ, ಮೊದ್ಲು ಹನ್ನೆರಡರಿಂದ ಭಾಗಿಸು, ಆಮೇಲೆ ಏಳರಿಂದ ಗುಣಿಸು” ಎಂದರೆ ಉತ್ತರ 35 ಬರುತ್ತದೆ, ನಾಳೆ ಟೀಚರ್ ರೈಟ್ ಹಾಕುತ್ತಾರೆ, ನಾಡಿದ್ದು ಪರೀಕ್ಷೆಯಲ್ಲಿ ಮತ್ತೆ 420. ಇದರ ಬದಲು:

“ಲೆಕ್ಕ ಜೋರಾಗಿ ಓದು ಪುಟ್ಟಿ.”
ಓದುತ್ತಾಳೆ.
“ಡಜನ್ ಅಂದ್ರೆ?”
“ಹನ್ನೆರಡು.”
“ಏಳು ಹಣ್ಣು ಡಜನ್‌ಗಿಂತ ಜಾಸ್ತಿನೋ ಕಮ್ಮಿನೋ?”
“ಕಮ್ಮಿ.”
“ಹಂಗಾದ್ರೆ ದುಡ್ಡು ಅರವತ್ತಕ್ಕಿಂತ...?”
“ಕಮ್ಮಿ... ಅಯ್ಯೋ, ನಾನೂರಿಪ್ಪತ್ತು ಬರ್ದಿದೀನಲ್ಲಾ!”

ಇಲ್ಲಿ ನಿಲ್ಲಿಸಿ ಎದ್ದುಹೋಗಬೇಕು. ರಬ್ಬರ್ ಅವಳ ಕೈಯಲ್ಲಿದೆ. ಒಂದು ಹಣ್ಣಿನ ಬೆಲೆ ಎಷ್ಟು ಎಂದು ಅವಳೇ ಕೇಳಿಕೊಳ್ಳುವವರೆಗೆ ಎರಡು ನಿಮಿಷವಾಗಬಹುದು, ಆಗಲಿ. ಹತ್ತು ನಿಮಿಷವಾದರೂ ಹೊಳೆಯದಿದ್ದರೆ ಪಾಠದಲ್ಲಿ ಮಾಡಿ ತೋರಿಸಿರುವ ಉದಾಹರಣೆ ಲೆಕ್ಕವನ್ನು ಮುಚ್ಚಿಕೊಂಡು ಮತ್ತೊಮ್ಮೆ ಮಾಡಲಿ. ಅದೂ ಆಗದಿದ್ದರೆ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಒಂದು ಪ್ರಶ್ನೆ ಚಿಹ್ನೆ ಹಾಕಿ ಮುಂದಿನ ಲೆಕ್ಕಕ್ಕೆ ಹೋಗಲಿ. ತರಗತಿಯಲ್ಲಿ ನಲವತ್ತು ಮಕ್ಕಳಲ್ಲಿ ಮೂವತ್ತು ಜನರ ಮನೆಯವರು ತಿದ್ದಿ ಕಳಿಸಿದರೆ, ಪಾಠ ಅರ್ಥವಾಗಿಲ್ಲ ಎಂಬುದು ಟೀಚರಿಗೆ ಗೊತ್ತಾಗುವ ದಾರಿಯೇ ಮುಚ್ಚಿಹೋಗುತ್ತದೆ. ತಪ್ಪು ಶಾಲೆಗೆ ಹೋಗಿ ಸೇರಬೇಕಾದ ವಸ್ತು. ಹಾಗೆಯೇ ಗೊತ್ತುಮಾಡಿದ ಹೊತ್ತು ಮುಗಿದ ಮೇಲೂ ಕೆಲಸ ಉಳಿದಿದ್ದರೆ ಅಲ್ಲಿಗೆ ನಿಲ್ಲಿಸಿ, “50 ನಿಮಿಷ ಕೂತು 6ನೇ ಲೆಕ್ಕದವರೆಗೆ ಮಾಡಿದ್ದಾಳೆ” ಎಂದು ಡೈರಿಯಲ್ಲಿ ಬರೆದು ಸಹಿ ಹಾಕುವುದು ಹತ್ತು ಗಂಟೆಯವರೆಗೆ ಅಳಿಸಿ ಬರೆಸುವುದಕ್ಕಿಂತ ಮೇಲು. 6ರಿಂದ 12 ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ ನಿದ್ದೆ ಬೇಕು. ಬೆಳಿಗ್ಗೆ ಆರೂವರೆಗೆ ಏಳುವ ಮಗು ಒಂಬತ್ತೂವರೆಗೆ ಮಲಗಿದರೂ ಸಿಗುವುದು ಕನಿಷ್ಠದ ಒಂಬತ್ತೇ.

ಓದುವ ಹೋಂವರ್ಕಿನ ಪಾಡು ಬೇರೆ. “ಪಾಠ ಓದಿಕೊಂಡು ಬನ್ನಿ” ಎಂದರೆ ಮಗು ಕಣ್ಣಾಡಿಸಿ “ಆಯ್ತು” ಎನ್ನುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದೇ ಭಾಗವನ್ನು ಮತ್ತೆ ಮತ್ತೆ ಓದಿದವರಿಗಿಂತ, ಓದಿ ಮುಚ್ಚಿಟ್ಟು ನೆನಪಿನಿಂದ ಬರೆದವರಿಗೆ ಒಂದು ವಾರದ ಮೇಲೆ ಹೆಚ್ಚು ನೆನಪಿತ್ತು. ಬಾಯಿಪಾಠ ಒಪ್ಪಿಸುವುದರ ಹಿಂದೆಯೂ ಇದೇ ಗುಟ್ಟಿದೆ, ಆದರೆ ಮಗ್ಗಿಯನ್ನು ಬರೀ ರಾಗದಲ್ಲಿ ಹೇಳಿದರೆ ಸಾಲದು. ಏಳೊಂದ್ಲಿ ಏಳರಿಂದ ಹೊರಟರೆ ಮಾತ್ರ ಏಳೆಂಟ್ಲಿಗೆ ತಲುಪುವ ಮಕ್ಕಳಿದ್ದಾರೆ. ಊಟಕ್ಕೆ ತಟ್ಟೆ ಹಾಕುವಾಗ ಅಡ್ಡಾದಿಡ್ಡಿ ಕೇಳಬೇಕು: “ಏಳೆಂಟ್ಲಿ? ಆರೊಂಬತ್ಲಿ? ಐವತ್ತಾರು ಯಾವ ಮಗ್ಗಿಯಲ್ಲಿ ಬರುತ್ತೆ?” ಸಮಾಜ ವಿಜ್ಞಾನದ ಪಾಠವಾದರೆ ಪುಸ್ತಕ ಮುಚ್ಚಿ, ರಫ್ ಬುಕ್ಕಿನಲ್ಲಿ ನೆನಪಿದ್ದ ಐದು ಸಂಗತಿ ಬರೆದು, ತೆರೆದು ತಾಳೆ ನೋಡಲಿ.

ಅಪ್ಪ ಅಮ್ಮ ಇಬ್ಬರೂ ರಾತ್ರಿ ಎಂಟಕ್ಕೆ ಬರುವ ಮನೆಗಳಲ್ಲಿ, ಇಲ್ಲವೇ ಮಗು ಓದುವ ಭಾಷೆಯನ್ನು ಮನೆಯಲ್ಲಿ ಯಾರೂ ಓದಲಾರದ ಕಡೆ ಇದೆಲ್ಲ ಆಗುವ ಮಾತೇ ಎಂದು ಕೇಳಬಹುದು. ಆಗುತ್ತದೆ, ಕೆಲವೊಮ್ಮೆ ಇನ್ನೂ ಚೆನ್ನಾಗಿ. ಓದು ಬಾರದ ಅಜ್ಜಿಗೂ ಎಣಿಸಲು ಬರುತ್ತದೆ. “ಇವತ್ತು ಎಷ್ಟು ಸಾಲು ಬರ್ದಿದೀಯ ಡೈರೀಲಿ? ನಾಲ್ಕಾ? ನಾಲ್ಕು ರೈಟ್ ತೋರ್ಸು.” “ಓದಿದ್ದು ನಂಗೊಂಚೂರು ಹೇಳು ಮಗಾ, ತಿಳ್ಕೋತೀನಿ.” ಗೊತ್ತಿಲ್ಲದವರಿಗೆ ತಿಳಿಸಿ ಹೇಳುವಾಗ ಮಗುವಿನ ತಲೆಯಲ್ಲಿ ಪಾಠ ಕೂರುವಷ್ಟು ಗೊತ್ತಿರುವವರ ಮುಂದೆ ಒಪ್ಪಿಸುವಾಗ ಕೂರುವುದಿಲ್ಲ. ಮನೆಯಲ್ಲಿ ಜಾಗವೇ ಇಲ್ಲದ ಹಳ್ಳಿಯ ಮಕ್ಕಳಿಗೆ ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಅಂದರೆ ಅರಿವು ಕೇಂದ್ರ ಇದೆ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಶಾಲಾ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ತೆರೆದಿರುವ ವೇಳೆ ಊರಿನಿಂದೂರಿಗೆ ಬೇರೆ, ಒಮ್ಮೆ ಹೋಗಿ ಬಾಗಿಲ ಮೇಲೆ ಬರೆದದ್ದನ್ನು ನೋಡಿ ಬನ್ನಿ. ಟ್ಯೂಷನ್ನಿಗೆ ಹಾಕಿದರೆ ಹೋಂವರ್ಕ್ ಮುಗಿಯುತ್ತದೆ ನಿಜ, ಅಭ್ಯಾಸ ಮಾತ್ರ ಟ್ಯೂಷನ್ ಮಿಸ್ಸಿನ ಹತ್ತಿರವೇ ಉಳಿಯುತ್ತದೆ.

ಎಷ್ಟು ಮಾಡಿದರೂ ಹಳಿಗೆ ಬರದಿದ್ದರೆ ಶಿಸ್ತಿನ ಮಾತು ಬಿಟ್ಟು ಬೇರೆ ಕಡೆ ನೋಡಿ. ಪುಸ್ತಕ ನೋಡಿ ಬರೆದದ್ದು ಸರಿಯಿದ್ದು, ಬೋರ್ಡ್ ನೋಡಿ ಬರೆದದ್ದರಲ್ಲಿ ಅಕ್ಷರ ಬಿಟ್ಟುಹೋಗಿದ್ದರೆ ಮೊದಲು ಕಣ್ಣಿನ ಪರೀಕ್ಷೆ. ಬಾಯಿಯಲ್ಲಿ ಸರಾಗವಾಗಿ ಉತ್ತರ ಹೇಳುವ ಮಗು ನಾಲ್ಕನೇ ತರಗತಿಗೆ ಬಂದರೂ ಒತ್ತಕ್ಷರ ಓದಲು ತಡಕಾಡುತ್ತಿದ್ದರೆ, ಅಕ್ಷರ ಅದಲುಬದಲು ಮಾಡುತ್ತಿದ್ದರೆ, ಅದು ಸೋಮಾರಿತನವಲ್ಲದಿರಬಹುದು. ಓದು ಬರಹದಲ್ಲಿ ಹೀಗೆ ತೊಡಕಾಗುವ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸುತ್ತದೆ. ಪರಿಣತರಿಂದ ಒಮ್ಮೆ ಪರೀಕ್ಷೆ ಮಾಡಿಸಿದರೆ ಮನೆಯಲ್ಲಿ ವರ್ಷಗಟ್ಟಲೆ ನಡೆಯುವ ಹೊಡೆತ ಬಡಿತ ತಪ್ಪುತ್ತದೆ.

ಮೂರನೇ ಕೀಲು ಬ್ಯಾಗ್. ಇದಕ್ಕೆ ಐದು ನಿಮಿಷ, ಊಟಕ್ಕೆ ಮುಂಚೆ, ರಾತ್ರಿಯೇ. ಬೆಳಿಗ್ಗೆ ಬ್ಯಾಗ್ ಜೋಡಿಸುವ ಮನೆಯಲ್ಲಿ ತಿಂಡಿ, ಜಡೆ, ಶೂ, ಆಟೋ ಹಾರ್ನು ಎಲ್ಲವೂ ಅದರ ಜೊತೆ ಗುದ್ದಾಡುತ್ತವೆ. ಟೈಂಟೇಬಲ್ಲಿನ ಒಂದು ಪ್ರತಿ ಬ್ಯಾಗಿನ ಮುಚ್ಚಳದ ಒಳಗೆ ಅಂಟಿಸಿರಲಿ, ಇನ್ನೊಂದು ಕೂರುವ ಜಾಗದ ಗೋಡೆಗೆ. ಒಂದೊಂದು ವಿಷಯಕ್ಕೆ ಒಂದು ಬಣ್ಣ ಗೊತ್ತುಮಾಡಿ, ಪಠ್ಯಪುಸ್ತಕ, ನೋಟ್‌ಬುಕ್, ವರ್ಕ್‌ಬುಕ್ ಮೂರಕ್ಕೂ ಬೆನ್ನಿನ ಮೇಲೆ ಅದೇ ಬಣ್ಣದ ಟೇಪು ಹಚ್ಚಬೇಕು. ಎಲ್ಲಕ್ಕೂ ಒಂದೇ ಖಾಕಿ ಬಣ್ಣದ ಬೈಂಡ್ ಹಾಕಿ ಮುಂದುಗಡೆ ಲೇಬಲ್ ಅಂಟಿಸಿದರೆ ಚೆಂದ ಕಾಣುತ್ತದೆ, ಆದರೆ ಬ್ಯಾಗಿನಲ್ಲಿ ಮೇಲಿನಿಂದ ನೋಡುವಾಗ ಲೇಬಲ್ ಕಾಣುವುದಿಲ್ಲ. ಎಲ್ಲವನ್ನೂ ಹೊರಗೆ ತೆಗೆದು, ನಾಳೆಯವನ್ನು ಮಾತ್ರ ಒಳಗೆ ಹಾಕುವುದೇ ಸರಿಯಾದ ಕ್ರಮ. ಬೇಡವಾದವನ್ನು ಮಾತ್ರ ಆರಿಸಿ ತೆಗೆಯುತ್ತೇನೆ ಎಂದು ಹೊರಟರೆ ಜುಲೈ ತಿಂಗಳ ಚೂರು ಚಾರ್ಟ್ ಕಾಗದ ಫೆಬ್ರವರಿಯಲ್ಲೂ ಸಿಗುತ್ತದೆ. ರಾಜ್ಯ ಪಠ್ಯಕ್ರಮದ ಎಷ್ಟೋ ಪುಸ್ತಕಗಳು ಭಾಗ 1, ಭಾಗ 2 ಎಂದು ಬರುತ್ತವೆ. ಮುಗಿದುಹೋದ ಭಾಗ 1ನ್ನು ದಸರಾ ಕಳೆದ ಮೇಲೂ ಹೊರುವ ಮಕ್ಕಳು ಬೇಕಾದಷ್ಟು. ಕರ್ನಾಟಕದ 2019ರ ಆದೇಶದಂತೆ ಮೂರರಿಂದ ಐದನೇ ತರಗತಿಯ ಬ್ಯಾಗ್ 2ರಿಂದ 3 ಕೆ.ಜಿ., ಆರರಿಂದ ಎಂಟರದ್ದು 3ರಿಂದ 4 ಕೆ.ಜಿ. ಮೀರಬಾರದು. ತಿಂಗಳಿಗೊಮ್ಮೆ ದಿನಸಿ ಅಂಗಡಿಯ ತಕ್ಕಡಿಯ ಮೇಲೆ ಇಟ್ಟು ನೋಡಿದರೆ ಗೊತ್ತಾಗುತ್ತದೆ. ಜೋಡಿಸಿದ ಬ್ಯಾಗಿಗೆ ಒಂದೇ ಜಾಗ, ಚಪ್ಪಲಿ ಸ್ಟ್ಯಾಂಡಿನ ಪಕ್ಕ. ಸಹಿ ಹಾಕಬೇಕಾದ ಕಾಗದವಿದ್ದರೆ ಬ್ಯಾಗಿನ ಮೇಲೆ, ಒಳಗಲ್ಲ.

ರಾತ್ರಿ ಒಂಬತ್ತಕ್ಕೆ “ಅಮ್ಮಾ, ನಾಳೆ ಚಾರ್ಟ್ ಬೇಕು” ಎನ್ನುವ ರೋಗಕ್ಕೂ ಮದ್ದು ಡೈರಿಯಲ್ಲೇ ಇದೆ. ಒಂದು ವಾರದ ಗಡುವಿನ ಪ್ರಾಜೆಕ್ಟನ್ನು ಕೊಟ್ಟ ದಿನದ ಪುಟದಲ್ಲಿ ಬರೆದರೆ ಅದು ಅಲ್ಲೇ ಸತ್ತುಹೋಗುತ್ತದೆ. ಮೂರು ಕಡೆ ಬರೆಯಬೇಕು: ಕೊಟ್ಟ ದಿನ, ಸಾಮಾನು ತರುವ ದಿನ, ಮುಗಿಸುವ ದಿನ. ಮುಗಿಸುವ ದಿನ ಒಪ್ಪಿಸುವ ದಿನಕ್ಕಿಂತ ಎರಡು ದಿನ ಮುಂಚೆ ಇರಲಿ. ಗಮ್ಮು ಒಣಗಲು ಒಂದು ದಿನ, ಮರೆತದ್ದಕ್ಕೆ ಒಂದು ದಿನ. ಮನೆಯಲ್ಲಿ ಬಿಳಿ ಚಾರ್ಟ್ ಎರಡು ಸದಾ ಸುರುಳಿ ಸುತ್ತಿಟ್ಟಿರಿ, ಆದರೆ ಅವನ್ನು ಸುಲಭಕ್ಕೆ ಕೊಡಬೇಡಿ. ಥರ್ಮೋಕೋಲಿನ ಜ್ವಾಲಾಮುಖಿಯನ್ನು ಅಪ್ಪ ಕಟ್ಟಿ ಚಿಕ್ಕಪ್ಪ ಬಣ್ಣ ಬಳಿದರೆ ಮಗುವಿನ ಪಾಲಿಗೆ ಉಳಿಯುವುದು ಅದನ್ನು ಹೊತ್ತುಕೊಂಡು ಹೋಗುವ ಕೆಲಸ.

ಇದೆಲ್ಲ ಎಷ್ಟು ದಿನಕ್ಕೆ ರೂಢಿಯಾಗುತ್ತದೆ? 21 ದಿನ ಎಂಬ ಮಾತು ಎಲ್ಲೆಡೆ ಓಡಾಡುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು ದೊಡ್ಡವರ ಮೇಲೆ ನಡೆಸಿದ ಅಧ್ಯಯನದಲ್ಲಿ ಒಂದು ಹೊಸ ಅಭ್ಯಾಸ ತಾನಾಗಿ ನಡೆಯುವಂತಾಗಲು ಸರಾಸರಿ 66 ದಿನ ಹಿಡಿಯಿತು, ವ್ಯಕ್ತಿಯಿಂದ ವ್ಯಕ್ತಿಗೆ 18ರಿಂದ 254 ದಿನದವರೆಗೆ. ನಡುವೆ ಒಂದು ದಿನ ತಪ್ಪಿದ್ದರಿಂದ ಅಂಥ ನಷ್ಟವೇನೂ ಕಾಣಲಿಲ್ಲ. ಹಾಗಾಗಿ ಮೊದಲ ಎರಡು ವಾರ ದೊಡ್ಡವರು ಪಕ್ಕದಲ್ಲೇ ಕೂರಬೇಕು, ಬಾಯಿ ಮುಚ್ಚಿಕೊಂಡು. ಸೊಪ್ಪು ಬಿಡಿಸುತ್ತಾ ಕೂತರೆ ಬಾಯಿ ಮುಚ್ಚಿರುವುದು ಸುಲಭ. ಮೂರು–ನಾಲ್ಕನೇ ವಾರ ಅದೇ ಕೋಣೆಯ ಇನ್ನೊಂದು ಮೂಲೆಗೆ. ಐದನೇ ವಾರದಿಂದ ಶುರುವಾದಾಗ ಒಂದು ಇಣುಕು, ಕೊನೆಗೆ ಡೈರಿ, ಟಿಕ್, ಬ್ಯಾಗ್ ಮೂರನ್ನು ನೋಡುವುದು. ಎರಡು ತಿಂಗಳ ಮೇಲೆ ವಾರಕ್ಕೆರಡು ದಿನ, ಯಾವ ದಿನ ಎಂದು ಹೇಳದೆ. ಆ ಹಂತದಲ್ಲಿ ಬಿಟ್ಟುಹೋದ ನೋಟ್‌ಬುಕ್ಕನ್ನು ಸ್ಕೂಟರಿನಲ್ಲಿ ಶಾಲೆಗೆ ಮುಟ್ಟಿಸಬಾರದು. ಟೀಚರ್ ಎದುರು ನಿಂತು “ಮರೆತೆ ಮಿಸ್” ಎಂದು ಹೇಳುವ ಆ ಅರ್ಧ ನಿಮಿಷ ಮಗುವಿನದಾಗಬೇಕು.

ರೂಢಿ ತಪ್ಪುವುದು ದಸರಾ ರಜೆಯಲ್ಲಿ. ಜೂನ್‌ನಿಂದ ಕಟ್ಟಿದ್ದೆಲ್ಲ ಅಜ್ಜಿ ಮನೆಯಲ್ಲಿ ಎರಡು ವಾರದಲ್ಲಿ ಕರಗಿರುತ್ತದೆ. ಶಾಲೆ ಮತ್ತೆ ತೆರೆದ ದಿನ, ಎಲ್ಲಿಗೆ ನಿಲ್ಲಿಸಿದ್ದೆವೋ ಅಲ್ಲಿಂದ ಹಿಡಿಯಲು ಹೋಗಬೇಡಿ. ಚಪ್ಪಲಿ ಡಬ್ಬಕ್ಕೆ ಹೊಸ ಪೆನ್ಸಿಲ್ ಹಾಕಿ, ಟೈಂಟೇಬಲ್ ಬದಲಾಗಿದ್ದರೆ ಗೋಡೆಯ ಪ್ರತಿಯನ್ನೂ ಬದಲಿಸಿ, ಭಾಗ 1ರ ಪುಸ್ತಕಗಳನ್ನು ಅಟ್ಟಕ್ಕೆ ಏರಿಸಿ, ಆ ವಾರ ಮಟ್ಟಿಗೆ ಸೊಪ್ಪಿನ ಮೊರ ಹಿಡಿದುಕೊಂಡು ಮತ್ತೆ ಪಕ್ಕದಲ್ಲೇ ಕೂತುಕೊಳ್ಳಿ.